ಪ್ರವಾಸಕ್ಕೆ ಹೊರಟವರಿಗೆ ಒಂದು ಪ್ರಶ್ನೆ



ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದ ನಾಲ್ಕಾರು ಕುಟುಂಬಗಳು ಸೇರಿ ಒಂದು ಬಸ್ಸು ಗೊತ್ತುಮಾಡುತ್ತವೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಸುಕಿನಲ್ಲೇ ಹೊರಟರೆ ಸಿಂಧನೂರು, ಗಂಗಾವತಿ ದಾಟಿ ಆನೆಗೊಂದಿಯ ಬೆಟ್ಟಗಳು, ಆಮೇಲೆ ಹಂಪಿ. ವರ್ಷವಿಡೀ ದುಡಿದ ತಂದೆತಾಯಿಯರು ಮಕ್ಕಳೊಡನೆ ಒಂದು ದಿನ ನಕ್ಕು ನಲಿಯುವುದು ಒಳ್ಳೆಯದೇ.

ಆದರೆ ಬೆಟ್ಟ ನೋಡಲು ಹೋಗುವವರ ಬಗ್ಗೆ ಸಂತ ಅಗಸ್ತಿನರಿಗೆ ಒಂದು ತಕರಾರಿತ್ತು. ಬೆಟ್ಟ, ಕಡಲು, ನಕ್ಷತ್ರಗಳನ್ನು ಕಂಡು ಬೆರಗಾಗುವ ಮನುಷ್ಯ ತನ್ನನ್ನೇ ಮರೆತುಬಿಡುತ್ತಾನೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದರು. ೧೩೩೬ರಲ್ಲಿ ಫ್ರಾನ್ಸಿನ ವಾಂತೂ ಬೆಟ್ಟ ಹತ್ತಿದ ಕವಿ ಪೆಟ್ರಾರ್ಕ್, ಜೊತೆಗೆ ಒಯ್ದಿದ್ದ ಆ ಪುಸ್ತಕವನ್ನು ತುದಿಯಲ್ಲಿ ತೆರೆದಾಗ ಇದೇ ಮಾತು ಕಣ್ಣಿಗೆ ಬಿದ್ದು, ನಾಚಿ ಮೌನವಾಗಿ ಇಳಿದನಂತೆ. ಸೆಮಿನರಿಯಲ್ಲಿ ಇದನ್ನು ಓದಿದಾಗ ನನಗೆ ಹಿಡಿಸಿತ್ತು. ಈಗ ಅದು ಅರ್ಧ ಮಾತೆನಿಸುತ್ತದೆ. ನೋಡುವ ಭರದಲ್ಲಿ ನಾವು ಮರೆಯುವುದು ನಮ್ಮ ಆತ್ಮವೊಂದನ್ನೇ ಅಲ್ಲ, ಇನ್ನೊಬ್ಬನನ್ನೂ.

ಆ ಇನ್ನೊಬ್ಬ ರಾಯಚೂರು ಕೋಟೆಯ ಗೋಡೆಯ ಮೇಲೆ ಇದ್ದಾನೆ. ಹಂಪಿಗೆ ಅವಸರಪಡುವ ನಾವು ಊರಿನ ಕೋಟೆಯನ್ನು ನಿಂತು ನೋಡುವುದೇ ಕಡಿಮೆ! ಅಲ್ಲಿ ಸುಮಾರು ನಲವತ್ತು ಅಡಿ ಉದ್ದದ ಒಂದೇ ಕಲ್ಲು ಇದೆ. ೧೨೯೪ರಲ್ಲಿ ಕೋಟೆ ಕಟ್ಟಿದ್ದನ್ನು ತಿಳಿಸುವ ಶಾಸನ ಅದರ ಮೇಲಿದೆ. ಕಾಕತೀಯರ ಅಧಿಕಾರಿ ಗೋರೆ ಗನ್ನಯ್ಯ ರೆಡ್ಡಿಯ ಹೆಸರು ಅಲ್ಲಿ ಸಿಗುತ್ತದೆ. ಪಕ್ಕದ ಗೋಡೆಯಲ್ಲಿ ಒಂದು ರೇಖಾಚಿತ್ರ: ಆ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಕೋಣಗಳ ಉದ್ದ ಸಾಲು ಎಳೆಯುತ್ತಿದೆ, ಜನ ಹುರಿದುಂಬಿಸುತ್ತಿದ್ದಾರೆ, ಕೆಲವರು ಚಕ್ರಕ್ಕೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಇವರಿಗೆ ಹೆಸರಿಲ್ಲ. ಕೂಲಿ ಸಿಕ್ಕಿತೋ ಬಿಟ್ಟಿ ದುಡಿದರೋ, ಆ ಚಿತ್ರ ಹೇಳುವುದಿಲ್ಲ.

ಹಾಗಾದರೆ ಬೇರೆಯವರ ಬೆವರಿನಿಂದ ಎದ್ದದ್ದನ್ನು ನೋಡಿ ಸಂತೋಷಪಡುವುದು ತಪ್ಪೇ? ತಪ್ಪೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಲ್ಲನ್ನು ಮೆಚ್ಚದೆ ಮುಂದೆ ಹೋದರೆ ಎಳೆದವರಿಗೂ ಅವಮಾನವೇ. ಆದರೆ ದೊರೆಯ ಹೆಸರು ಓದಿ, ಫೋಟೋ ತೆಗೆಸಿಕೊಂಡು ತಿರುಗಿಬಿಟ್ಟರೆ ಕಂಡದ್ದು ಅರ್ಧ. ಮಕ್ಕಳಾದರೋ ಮೊದಲು ಕೋಣಗಳನ್ನೇ ಎಣಿಸುತ್ತಾರೆ.

ಸತ್ತವರಿಗೆ ನಾವು ಕೂಲಿ ಕೊಡಲಾರೆವು. ಬದುಕಿರುವವರ ಮಾತು ಬೇರೆ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಿಂದ ಎಷ್ಟೋ ಮಂದಿ ಗುಳೆ ಹೋಗುತ್ತಾರೆ. ಗಂಟುಮೂಟೆ, ಪಾತ್ರೆ, ಕಂಕುಳಲ್ಲಿ ಕೂಸು. ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಮುದುಕರು, ಶಾಲೆ ಬಿಟ್ಟ ಮಗು. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಬಾಯಿಬಿಟ್ಟು ನೋಡುವ ಎತ್ತರದ ಕಟ್ಟಡಗಳಿಗೆ ಸಿಮೆಂಟು, ಇಟ್ಟಿಗೆ ಹೊರುವವರಲ್ಲಿ ಇವರೂ ಇದ್ದಾರೆ. ಅಲ್ಲಿ ಕೋಣಗಳ ಚಿತ್ರವನ್ನೂ ಯಾರೂ ಕೆತ್ತುವುದಿಲ್ಲ.

ಸಿಂಧನೂರಿನಿಂದ ಸ್ವಲ್ಪ ಸುತ್ತು ಹಾಕಿದರೆ ಮಸ್ಕಿ ಸಿಗುತ್ತದೆ. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿನ ಬಂಡೆಶಾಸನವನ್ನು ಪತ್ತೆಹಚ್ಚಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ ಅದು ಪ್ರಸಿದ್ಧವಾಯಿತು. ನಾವು ಪಾಠದಲ್ಲಿ ಕಲಿತದ್ದೂ ಅಷ್ಟೇ. ಆದರೆ ಶಾಸನದ ವಿಷಯ ಇನ್ನೂ ದೊಡ್ಡದು: ಧರ್ಮದಲ್ಲಿ ನಡೆದರೆ ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಆ ಉನ್ನತಿಯನ್ನು ಮುಟ್ಟಬಲ್ಲ ಎಂದು ಚಕ್ರವರ್ತಿಯೇ ಸಾರುತ್ತಾನೆ.

ಈ ಸಲ ಬಸ್ಸು ಹೊರಡುವ ಮುನ್ನ ಅರ್ಧ ಗಂಟೆ ರಾಯಚೂರು ಕೋಟೆಯಲ್ಲಿ ನಿಲ್ಲಿ. ಹಂಪಿಯಲ್ಲಿ ಬುತ್ತಿ ಬಿಚ್ಚುವಾಗ ಡ್ರೈವರ್, ಕ್ಲೀನರ್ ಎಲ್ಲಿ ಕೂತಿದ್ದಾರೆ ನೋಡಿ. ಸಾಮಾನ್ಯವಾಗಿ ಬಸ್ಸಿನ ನೆರಳಿನಲ್ಲಿ, ಬೇರೆಯಾಗಿ. ಚಾಪೆಯ ಮೇಲೆ ಜಾಗ ಮಾಡಿ ಅವರನ್ನೂ ಊಟಕ್ಕೆ ಕರೆಯಿರಿ. ಯಾವ ಊರು, ಮಕ್ಕಳೆಷ್ಟು, ರಾತ್ರಿ ನಿದ್ದೆಯಾಯಿತೇ ಎಂದು ಕೇಳಿ.