ಸಾಂತಾಕ್ರೂಜ್ ಮತ್ತು ಕೊಲಾಬಾದ ನಡುವೆ

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್ ಮಳೆಮಾಪಕದಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ದಾಖಲಾಯಿತು. ಅದೇ ಹೊತ್ತಿಗೆ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಎರಡರ ನಡುವೆ ಮೂವತ್ತು ಕಿಲೋಮೀಟರ್ ಕೂಡ ಇಲ್ಲ. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಈ ಎರಡು ಅಂಕಿಗಳ ಸರಾಸರಿ ತೆಗೆದರೆ ಐನೂರು ಚಿಲ್ಲರೆ. ಎರಡೂ ಕಡೆ ಬೀಳದ ಮಳೆ ಅದು! ಜಾಗತಿಕ ಹವಾಮಾನ ಮಾದರಿಗಳು ಬಹುಕಾಲ ಮಾಡುತ್ತ ಬಂದದ್ದು ಹೆಚ್ಚುಕಡಿಮೆ ಇದನ್ನೇ. ಅವು ಭೂಮಿಯನ್ನು ಸುಮಾರು ನೂರು ಕಿ.ಮೀ. ಬದಿಯ ಚೌಕಗಳಾಗಿ ಒಡೆಯುತ್ತವೆ. ಒಂದು ಚೌಕಕ್ಕೆ ಒಂದೇ ಮಳೆ. ಕೆಲವೇ ಕಿ.ಮೀ. ಅಗಲದ ಗುಡುಗುಮೋಡ ಅವುಗಳ ಕಣ್ಣಿಗೆ ಬೀಳುವುದಿಲ್ಲ, ಅದರ ಪರಿಣಾಮವನ್ನು ಸೂತ್ರದಿಂದ ಅಂದಾಜು ಮಾಡುತ್ತವೆ. ಹಾಗಾಗಿ ಅವುಗಳ ಲೋಕದಲ್ಲಿ ನಿಜಕ್ಕಿಂತ ಹೆಚ್ಚು ದಿನ ಮಳೆ ಜಿನುಗುತ್ತದೆ, ಸುರಿಯಬೇಕಾದಾಗ ಸುರಿಯುವುದಿಲ್ಲ.

ಚೌಕದ ಬದಿ ನಾಲ್ಕು ಕಿ.ಮೀ.ಗಿಂತ ಕಿರಿದಾದರೆ ಮೋಡ ಮಾದರಿಯೊಳಗೆ ತಾನೇ ಏಳುತ್ತದೆ. 2014ರಲ್ಲಿ ಬ್ರಿಟನ್ನಿನ ಎಲಿಜಬೆತ್ ಕೆಂಡನ್ ಮತ್ತು ಸಂಗಡಿಗರು ದಕ್ಷಿಣ ಇಂಗ್ಲೆಂಡಿಗೆ ಒಂದೂವರೆ ಕಿ.ಮೀ. ಮಾದರಿ ಓಡಿಸಿದಾಗ, ಮುಂದಿನ ಬೇಸಿಗೆಗಳಲ್ಲಿ ಅಲ್ಪಾವಧಿಯ ಮಳೆ ಬಿರುಸಾಗುವುದು ಕಂಡಿತು. ಹನ್ನೆರಡು ಕಿ.ಮೀ. ಮಾದರಿ ಅದನ್ನು ತೋರಿಸಿರಲಿಲ್ಲ. ದೋಷವಿಲ್ಲವೆಂದಲ್ಲ. ಸೂಕ್ಷ್ಮ ಮಾದರಿ ಕೆಲವೊಮ್ಮೆ ಜೋರು ಮಳೆಯನ್ನು ಇನ್ನೂ ಜೋರು ಮಾಡುತ್ತದೆ. ಬದಿಯನ್ನು ಅರ್ಧ ಮಾಡಿದರೆ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟು.

ನನ್ನನ್ನು ಕಾಡುವುದು ಈ ಮಾದರಿಗಳಿಗೆ ಅಂಕ ಹಾಕುವ ರೀತಿ. ಸೂಕ್ಷ್ಮ ಮಾದರಿಯೊಂದು ಮುನ್ಸೂಚನೆಯಲ್ಲಿ 900 ಮಿ.ಮೀ. ಎಂದು ಸರಿಯಾಗಿಯೇ ಹೇಳಿ, ಜಾಗ ಮಾತ್ರ ಇಪ್ಪತ್ತು ಕಿ.ಮೀ. ತಪ್ಪಿತೆನ್ನಿ. ಆಗ ಎರಡು ಸಲ ಅಂಕ ಕಳೆಯುತ್ತಾರೆ: ಬಿದ್ದಲ್ಲಿ ಹೇಳಲಿಲ್ಲ, ಹೇಳಿದಲ್ಲಿ ಬೀಳಲಿಲ್ಲ. ಎಲ್ಲ ಕಡೆಯೂ ಸಾಧಾರಣ ಮಳೆ ಎಂದ ಮಬ್ಬು ಮಾದರಿಗೆ ಹೆಚ್ಚು ಅಂಕ. ಹವಾಮಾನ ತಜ್ಞರು ಇದನ್ನು ಜೋಡಿ ದಂಡ ಎನ್ನುತ್ತಾರೆ. ನಮ್ಮ ಪರೀಕ್ಷೆಗಳಲ್ಲೂ ಖಚಿತವಾಗಿ ಬರೆದು ತಪ್ಪಿದವರಿಗಿಂತ 'ಒಂದು ರೀತಿಯಲ್ಲಿ ಹೌದು' ಎಂದು ಬರೆದವರು ಪಾಸಾಗುತ್ತಾರೆ. ನಾನೂ ಹಾಗೆ ಪಾಸಾದವನೇ.

ಈ ಎರಡರಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ? ನನ್ನ ಮತ ಜಾಗ ತಪ್ಪಿದ ಮಾದರಿಗೆ, ಅದಕ್ಕೆ ಮಳೆ ಎಂದರೇನೆಂದು ಗೊತ್ತಿದೆ. ಆದರೆ ಇಂದು ರಾತ್ರಿ ಯಾವ ಓಣಿಯವರನ್ನು ಎಬ್ಬಿಸಿ ಕಳಿಸಬೇಕು ಎಂದು ಕೇಳುವ ಅಧಿಕಾರಿಗೆ ನನ್ನ ಮತದಿಂದ ಉಪಯೋಗವಿಲ್ಲ. ಚರಂಡಿ ಕಟ್ಟುವವರ ಪ್ರಶ್ನೆ ಬೇರೆ. ಅವರಿಗೆ ದಿನವೂ ಬೇಡ, ಓಣಿಯೂ ಬೇಡ. ಈ ಕರಾವಳಿಯಲ್ಲಿ ಒಂದು ಗಂಟೆಗೆ ಎಷ್ಟು ಸುರಿಯಬಹುದು ಎಂಬುದು ಸಾಕು. ಅಲ್ಲಿ ಮಬ್ಬು ಉತ್ತರಕ್ಕೆ ಕ್ಷಮೆಯಿಲ್ಲ ಎನಿಸುತ್ತದೆ.

ಮುಂಬೈನ ಹಳೆಯ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂದು 1993ರ ವರದಿಯೊಂದು ಹೇಳಿತ್ತು. ಸಾಂತಾಕ್ರೂಜ್‌ನ 944 ಮಿ.ಮೀ.ಯನ್ನು 24 ಗಂಟೆಗೆ ಹಂಚಿ ನೋಡಿ, ಗಂಟೆಗೆ 39 ಬರುತ್ತದೆ. ಕಾಗದದ ಮೇಲೆ 50ರ ಚರಂಡಿಗೆ ಅದು ಸಲೀಸು. ಆದರೆ ಅಂದು ಅದರಲ್ಲಿ ಬಹುಪಾಲು ಬಿದ್ದದ್ದು ಮಧ್ಯಾಹ್ನದಿಂದ ರಾತ್ರಿಯೊಳಗೆ.