ಆಟದ ಬೆಲೆಯೂ ಗೆಲುವಿನ ಬೆಲೆಯೂ



ಮಕ್ಕಳು ಮೊಬೈಲಿನಲ್ಲಿ ಆಡುವ ಆಟದ ವಿಷಯ ಮಠದ ಪತ್ರಿಕೆಗೆ ಏಕೆ ಬೇಕು ಎಂದು ಹಿರಿಯರಲ್ಲಿ ಕೆಲವರು ಕೇಳಬಹುದು. ಆಟ ಆಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ನಮ್ಮ ವಿಚಾರ ಬೆಲೆಗೆ ಸಂಬಂಧಿಸಿದ್ದು. ಅಕ್ಕಲಕೋಟೆಯ ಹುಡುಗ, ಹೊಸೂರಿನ ಹುಡುಗ, ಮುಖವನ್ನೇ ಕಾಣದ ಹೊರದೇಶದ ಹುಡುಗ ಒಂದೇ ಹೊತ್ತಿಗೆ ಒಂದೇ ಕಣಕ್ಕಿಳಿದು ಆಡುವ ಆಟಗಳು ಇಂದು ಮನೆಮನೆಯಲ್ಲಿವೆ. ಇಂಥ ಆಟ ನಡೆಸುವವನು ಆಡುವವನಿಂದ ಹೇಗೆ ಹಣ ಪಡೆದರೆ ನ್ಯಾಯ, ಹೇಗೆ ಪಡೆದರೆ ಅನ್ಯಾಯ? ಹೊಲದ ಮಾಲನ್ನು ಪೇಟೆಗೆ ಒಯ್ಯುವವರು, ಅಂಗಡಿಯಲ್ಲಿ ತಕ್ಕಡಿ ಹಿಡಿಯುವವರು ನಮ್ಮಲ್ಲಿ ಬಹಳ. ಬೆಲೆಯ ನ್ಯಾಯಾನ್ಯಾಯ ನಮಗೆ ದಿನದ ಮಾತು. ಪ್ರಶ್ನೆ ಹಳೆಯದೇ, ಸರಕು ಮಾತ್ರ ಹೊಸದು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಆಟಕ್ಕೆ ಹಣ ಕೇಳುವುದೇ ತಪ್ಪು ಎಂಬ ಅಭಿಪ್ರಾಯ ನಮ್ಮದಲ್ಲ. ಇಂಥ ಆಟವನ್ನು ಒಮ್ಮೆ ತಯಾರಿಸಿ ಮಾರಿದರೆ ಕೆಲಸ ಮುಗಿಯುವುದಿಲ್ಲ. ಲಕ್ಷಾಂತರ ಜನ ಕೂಡಿ ಆಡಬೇಕಾದರೆ ದೊಡ್ಡ ಕಂಪ್ಯೂಟರುಗಳು ಹಗಲೂ ರಾತ್ರಿ ನಡೆಯುತ್ತಿರಬೇಕು. ಮೋಸದಿಂದ ಆಡುವವರನ್ನು ಹಿಡಿಯಲು, ಕೆಟ್ಟದ್ದನ್ನು ದುರಸ್ತಿ ಮಾಡಲು, ಹೊಸದನ್ನು ಸೇರಿಸಲು ಜನ ಇರಬೇಕು. ಖರ್ಚು ತಿಂಗಳು ತಿಂಗಳೂ ಬರುತ್ತದೆ. ದುಡಿದವನಿಗೆ ಪ್ರತಿಫಲ ಸಲ್ಲಲೇಬೇಕು. ಪ್ರಶ್ನೆ ಇರುವುದು ಆ ಪ್ರತಿಫಲ ಯಾವ ಬಾಗಿಲಿನಿಂದ ಬರುತ್ತದೆ ಎಂಬುದರಲ್ಲಿ.

ಈವರೆಗೆ ಮುಖ್ಯವಾಗಿ ಮೂರು ಬಾಗಿಲುಗಳು ಕಂಡಿವೆ. ಒಂದು, ತಿಂಗಳ ವಂತಿಗೆ. 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಳು ಹೀಗೆ ನಡೆದವು; ಎರಡನೆಯದಕ್ಕೆ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್. ಎರಡು, ಒಂದೇ ಸಲ ಬೆಲೆ ಕೊಟ್ಟು ಕೊಂಡು ಆಮೇಲೆ ವಂತಿಗೆ ಇಲ್ಲದೆ ಆಡುವುದು. 2005ರ ಗಿಲ್ಡ್ ವಾರ್ಸ್ ಇದಕ್ಕೆ ಉದಾಹರಣೆ. ಮೂರು, ಪ್ರವೇಶ ಪುಕ್ಕಟೆ, ಒಳಗೆ ಅಂಗಡಿ. ದಕ್ಷಿಣ ಕೊರಿಯಾದಲ್ಲಿ 2003ರಲ್ಲಿ ಬಂದ ಮೇಪಲ್‌ಸ್ಟೋರಿ ಈ ದಾರಿಯಲ್ಲಿ ಹೆಸರು ಮಾಡಿತು. ನಮ್ಮ ಮಕ್ಕಳ ಕೈಯಲ್ಲಿರುವ, 2021ರಲ್ಲಿ ಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಕೂಡ ಈ ಮೂರನೆಯ ಬಗೆಯದೇ.

ಮೊದಲ ಎರಡರಲ್ಲಿ ತಕರಾರು ಕಡಿಮೆ. ಬೆಲೆ ಬಾಗಿಲಲ್ಲೇ ಬರೆದಿದೆ. ಕೊಟ್ಟವರೆಲ್ಲ ಒಂದೇ ಕೊಟ್ಟಿದ್ದಾರೆ. ಒಳಗೆ ಹೋದ ಮೇಲೆ ಎಲ್ಲರೂ ಸಮಾನರು. ಮೂರನೆಯದನ್ನು ಮಾತ್ರ ಒಳಹೊಕ್ಕು ನೋಡಬೇಕು. ಏಕೆಂದರೆ ಒಳಗಿನ ಅಂಗಡಿಯಲ್ಲಿ ಎಲ್ಲ ಸರಕೂ ಒಂದೇ ಅಲ್ಲ.

ಕೆಲವು ಅಂಗಡಿಗಳು ಮಾರುವುದು ಬರೀ ಶೃಂಗಾರ: ಆಟದೊಳಗಿನ ವೀರನಿಗೆ ಬಣ್ಣದ ಉಡುಪು, ಆಯುಧಕ್ಕೆ ಹೊಳಪು. 2013ರಿಂದ ನಡೆದಿರುವ ಡೋಟಾ 2 ಆಟದಲ್ಲಿ ವೀರರೆಲ್ಲ ಎಲ್ಲರಿಗೂ ಪುಕ್ಕಟೆ; ಮಾರಾಟ ಅಲಂಕಾರದ್ದು. ಎತ್ತಿಗೆ ಗೊಂಡೆ ಗೆಜ್ಜೆ ಕಟ್ಟಿ ಜೂಲ ಹೊದಿಸಿದರೆ ಎತ್ತು ಚೆಂದ ಕಾಣುತ್ತದೆ, ಆದರೆ ಗೆಜ್ಜೆಯ ಬಲದಿಂದ ಬಂಡಿ ಎಳೆಯುವುದಿಲ್ಲ. ಇಷ್ಟವಿದ್ದವನು ತನ್ನ ದುಡಿಮೆಯ ಹಣದಲ್ಲಿ ಬೆಲೆ ನೋಡಿ ಗೆಜ್ಜೆ ಕೊಂಡರೆ ಪಕ್ಕದವನಿಗೆ ನಷ್ಟವಿಲ್ಲ. ಅದು ಅವನ ಶೋಕಿ. ಅದರಲ್ಲಿ ಅನ್ಯಾಯ ನಮಗೆ ಕಾಣುವುದಿಲ್ಲ.

ಇನ್ನು ಕೆಲವು ಅಂಗಡಿಗಳು ಮಾರುವುದು ಬಲವನ್ನೇ. 2017ರ ನವೆಂಬರದಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಎಂಬ ಆಟ ಬಿಡುಗಡೆಯಾಗುವ ಹೊತ್ತಿಗೆ ಇದರಿಂದಲೇ ದೊಡ್ಡ ಗದ್ದಲವೆದ್ದಿತು. ಆ ಆಟಕ್ಕೆ ಮೊದಲೇ 60 ಡಾಲರ್ ಬೆಲೆ. ಅದನ್ನು ಕೊಟ್ಟು ಒಳಗೆ ಬಂದವನ ಮುಂದೆ ಮತ್ತೆ ಪೆಟ್ಟಿಗೆಗಳ ಅಂಗಡಿ. ಅವುಗಳಲ್ಲಿ ಕಣದಲ್ಲಿ ಮೇಲುಗೈ ಕೊಡುವ ಸಾಮಗ್ರಿ. ಆಟಗಾರರು ಎಷ್ಟು ಪ್ರತಿಭಟಿಸಿದರೆಂದರೆ, ಬಿಡುಗಡೆಯ ಹಿಂದಿನ ದಿನ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಒಳಗಿನ ಹಣದ ಮಾರಾಟವನ್ನು ತಡೆಹಿಡಿಯಬೇಕಾಯಿತು. ಸೊಲ್ಲಾಪುರ, ಜತ್ತ ಕಡೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಇದರ ತಿರುಳು ಬೇಗ ತಿಳಿಯುತ್ತದೆ. ಕುಸ್ತಿ ನೋಡಲು ಟಿಕೆಟ್ ಇಡಲಿ, ಪೈಲ್ವಾನನಿಗೆ ರೇಷ್ಮೆ ಪಟಕ ಮಾರಲಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಕಣದೊಳಗೆ ನಿಂತು, ನೂರು ರೂಪಾಯಿ ಕೊಟ್ಟರೆ ಎದುರಾಳಿಯ ಒಂದು ಕೈ ಕಟ್ಟುತ್ತೇನೆ ಎಂದು ಪಂಚನೇ ಹೇಳಿದರೆ, ಅಲ್ಲಿ ಕುಸ್ತಿಯೇ ಉಳಿಯುವುದಿಲ್ಲ. ಸೋತವನಿಗೆ ಮಾತ್ರವಲ್ಲ, ಗೆದ್ದವನಿಗೂ ಮೋಸವಾಗುತ್ತದೆ. ಏಕೆಂದರೆ ಅವನು ಕೊಂಡದ್ದು ಗೆಲುವಲ್ಲ, ಗೆಲುವಿನ ಹೆಸರು.

ಮೂರನೆಯ ಸರಕು ಮುಚ್ಚಿದ ಪೆಟ್ಟಿಗೆ. ಹಣ ಕೊಟ್ಟ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ನಮ್ಮ ದನದ ಸಂತೆಗಳಲ್ಲಿ ದಲಾಲರು ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳಿನಿಂದ ಬೆಲೆ ಹೇಳುವ ಪದ್ಧತಿಯನ್ನು ತಾವೆಲ್ಲ ಕಂಡಿದ್ದೀರಿ. ಹೊರಗಿನವರಿಗೆ ಅದು ಗುಟ್ಟು. ಆದರೆ ಟವೆಲ್ಲಿನೊಳಗೆ ಕೈ ಇಟ್ಟ ಇಬ್ಬರಿಗೂ ಬೆಲೆ ಗೊತ್ತು, ಎತ್ತು ಕಣ್ಣೆದುರಿಗೆ ನಿಂತಿದೆ. ಮುಚ್ಚಿದ ಪೆಟ್ಟಿಗೆಯ ವ್ಯಾಪಾರದಲ್ಲಿ ಒಂದು ಕೈಗೆ ಮಾತ್ರ ಎಲ್ಲವೂ ಗೊತ್ತು. ಮೇಪಲ್‌ಸ್ಟೋರಿಯಲ್ಲಿ ಆದದ್ದು ಇದೇ. ಆಯುಧದ ಗುಣ ಬದಲಿಸುವ ‘ಕ್ಯೂಬ್’ ಎಂಬ ವಸ್ತುವನ್ನು ನೆಕ್ಸಾನ್ ಕಂಪನಿ ಮಾರುತ್ತಿತ್ತು. ಒಳ್ಳೆಯ ಗುಣ ಬರುವ ಸಂಭವವನ್ನು ಆಟಗಾರರಿಗೆ ತಿಳಿಸದೆ ತಗ್ಗಿಸಲಾಗಿತ್ತು, ಜನ ಹೆಚ್ಚು ಬಯಸುವ ಕೆಲವು ಗುಣಗಳ ಕೂಟ ಬರುವ ಸಂಭವವನ್ನು ಸೊನ್ನೆಯೇ ಮಾಡಲಾಗಿತ್ತು ಎಂದು ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ತೀರ್ಮಾನಿಸಿ, 2024ರ ಜನವರಿಯಲ್ಲಿ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ನಮ್ಮ ಲೆಕ್ಕದಲ್ಲಿ ಎಪ್ಪತ್ತು ಕೋಟಿ ರೂಪಾಯಿಗೂ ಹೆಚ್ಚು.

ಸಂಭವ ಎಷ್ಟು ಎಂದು ಬರೆದು ತೋರಿಸಿಬಿಟ್ಟರೆ ದೋಷ ಹೋಯಿತೇ? ಚೀನಾ 2017ರಿಂದ, ದಕ್ಷಿಣ ಕೊರಿಯಾ 2024ರ ಮಾರ್ಚಿನಿಂದ ಹೀಗೆ ಪ್ರಕಟಿಸುವುದನ್ನು ಕಡ್ಡಾಯ ಮಾಡಿವೆ. ಇದು ಒಳ್ಳೆಯದೇ, ಆದರೆ ಸಾಲದು. ಒಂದು ಲೆಕ್ಕ ಮಾಡಿ ನೋಡೋಣ. ಪೆಟ್ಟಿಗೆಗೆ 30 ರೂಪಾಯಿ, ಬೇಕಾದ ವಸ್ತು ಸಿಗುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ನೂರು ಪೆಟ್ಟಿಗೆ ಕೊಂಡರೆ, ಅಂದರೆ 3,000 ರೂಪಾಯಿ ಹಾಕಿದರೆ, ವಸ್ತು ಸಿಕ್ಕೇ ಸಿಗುತ್ತದೆ ಎಂದು ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಪ್ರತಿ ಪೆಟ್ಟಿಗೆಯ ಅದೃಷ್ಟವೂ ಬೇರೆ ಬೇರೆ. ಹೀಗೆ 3,000 ಹಾಕಿದ ನೂರು ಜನರಲ್ಲಿ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಬಿ.ಕಾಂ. ಓದಿದವರೂ ಕಾಗದ ತೆಗೆದುಕೊಂಡು ಕೂತರೇ ಸಿಗುವ ಈ ಲೆಕ್ಕವನ್ನು ಹನ್ನೆರಡು ವರ್ಷದ ಹುಡುಗ ಆಟದ ಬಿಸಿಯಲ್ಲಿ ಮಾಡಬಲ್ಲನೇ? ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲಿ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಕರೆಯಿತು.

ಇದರ ಜೊತೆಗೆ ಇನ್ನೊಂದು ಕೈಚಳಕವಿದೆ. ಅಂಗಡಿಯಲ್ಲಿ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯ ಕೊಳ್ಳಬೇಕು, ಆಮೇಲೆ ನಾಣ್ಯ ಕೊಟ್ಟು ವಸ್ತು ಕೊಳ್ಳಬೇಕು. ನಾಣ್ಯದ ಕಟ್ಟುಗಳು ವಸ್ತುವಿನ ಬೆಲೆಗೆ ಸರಿಹೊಂದದಂತೆ ಇದ್ದರೆ ಸ್ವಲ್ಪ ಉಳಿಯುತ್ತದೆ; ಉಳಿದದ್ದನ್ನು ಬಳಸಲು ಮತ್ತೆ ಕೊಳ್ಳಬೇಕಾಗುತ್ತದೆ. ಕೀರ್ದಿ ಬರೆಯುವವನಿಗೆ ಎರಡು ನಾಣ್ಯದ ಲೆಕ್ಕ ಇಡುವುದೇ ಕಷ್ಟ. ಕೊಟ್ಟದ್ದು ಎಷ್ಟು ಎಂಬ ಪ್ರಜ್ಞೆ ಮಂಕಾಗಲೆಂದೇ ಈ ವ್ಯವಸ್ಥೆ ಎಂದರೆ ತಪ್ಪಾಗದು.

ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ಬದಿಗಿಡಲಾಗದು. ತಿಂಗಳ ವಂತಿಗೆ ನ್ಯಾಯವೇ ಇರಬಹುದು, ಆದರೆ ಬಡವನ ಮಗ ಆ ಬಾಗಿಲಲ್ಲೇ ನಿಲ್ಲುತ್ತಾನೆ. ಪುಕ್ಕಟೆ ಆಟದಲ್ಲಿ ಉಳ್ಳವರು ಕೆಲವರು ಕೊಟ್ಟದ್ದರಿಂದ ಇಲ್ಲದವರು ಅನೇಕರು ಆಡುತ್ತಾರೆ. ಹಾಗಾದರೆ ಇದು ದಾಸೋಹವಿದ್ದಂತೆ ಆಯಿತಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳೋಣ?

ಆಳವಾಗಿ ನೋಡಿದರೆ ಎರಡು ವ್ಯತ್ಯಾಸ ಕಾಣುತ್ತವೆ. ದಾಸೋಹಕ್ಕೆ ಹತ್ತು ಚೀಲ ಜೋಳ ಕೊಟ್ಟವನೂ, ಬರಿಗೈಯಲ್ಲಿ ಬಂದವನೂ ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಪ್ರಸಾದ ಉಣ್ಣುತ್ತಾರೆ. ಕೊಟ್ಟವನಿಗಾಗಿ ಇನ್ನೊಬ್ಬನ ತಟ್ಟೆಯನ್ನು ಸರಿಸುವುದಿಲ್ಲ. ಬಲವನ್ನು ಮಾರುವ ಆಟದಲ್ಲಿ ಪುಕ್ಕಟೆ ಆಡುವ ಹುಡುಗ ಅತಿಥಿಯಲ್ಲ. ಹಣ ಕೊಟ್ಟವನಿಗೆ ಸೋಲಲು ಬೇಕಾದ ಎದುರಾಳಿ. ಸೋಲುವವರು ಇಲ್ಲದಿದ್ದರೆ ಕತ್ತಿಯನ್ನು ಕೊಳ್ಳುವವರು ಯಾರು? ಅವನಿಗೆ ತಿಳಿಯದಂತೆ ಅವನನ್ನೇ ಸರಕು ಮಾಡಲಾಗಿದೆ. ಎರಡನೆಯದು, ದಾಸೋಹಕ್ಕೆ ಕೊಡುವವನು ತಿಳಿದು, ಶಕ್ತಿಯಿದ್ದಷ್ಟು ಕೊಡುತ್ತಾನೆ. ಈ ವ್ಯಾಪಾರದಲ್ಲಿ ಬಹಳ ಖರ್ಚು ಮಾಡುವವರಿಗೆ ಕಂಪನಿಗಳವರು ಇಟ್ಟ ಹೆಸರು ತಿಮಿಂಗಿಲ. ಅವರಲ್ಲಿ ಶ್ರೀಮಂತರೂ ಇದ್ದಾರೆ, ನಿಲ್ಲಿಸಲಾರದೆ ಕೊಡುವವರೂ ಇದ್ದಾರೆ. ಕಂಪನಿಯ ಜಮಾ ಪುಟದಲ್ಲಿ ಇಬ್ಬರ ಹಣವೂ ಒಂದೇ ಬಣ್ಣ. ಆದರೆ ಕೇವಲ ಶೃಂಗಾರವನ್ನು ತೆರೆದ ಬೆಲೆಗೆ ಮಾರಿ ಉಳಿದವರಿಗೆ ಆಟವನ್ನು ಪುಕ್ಕಟೆ ಬಿಟ್ಟರೆ, ಆ ಹೋಲಿಕೆ ಬಹುಮಟ್ಟಿಗೆ ಒಪ್ಪುವಂಥದ್ದೇ ಎಂದು ನಾವು ಒಪ್ಪಬೇಕು.

ಹಾಗಾದರೆ ನ್ಯಾಯದ ಅಳತೆ ಯಾವುದು? ನಮ್ಮ ಬುದ್ಧಿಗೆ ತೋರುವುದು ಇಷ್ಟು: ಮಾರುವವನ ಲೆಕ್ಕದ ಪುಸ್ತಕವನ್ನು ಕೊಳ್ಳುವವನ ಮುಂದೆ ತೆರೆದಿಟ್ಟ ಮೇಲೂ ನಡೆಯುವ ವ್ಯಾಪಾರವೇ ನ್ಯಾಯದ ವ್ಯಾಪಾರ. ಕೊಳ್ಳುವವನ ಅಜ್ಞಾನವೇ ಲಾಭದ ಮೂಲವಾಗಿದ್ದರೆ ಕಾನೂನು ಒಪ್ಪಿದರೂ ಧರ್ಮ ಒಪ್ಪದು. ವಂತಿಗೆ ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಒಂದೇ ಸಲದ ಬೆಲೆ ನಿಲ್ಲುತ್ತದೆ. ಗೆಜ್ಜೆ ನಿಲ್ಲುತ್ತದೆ. ಮುಚ್ಚಿದ ಪೆಟ್ಟಿಗೆ ನಿಲ್ಲುವುದಿಲ್ಲ. ಬಲದ ಮಾರಾಟವನ್ನು ಕೊಳ್ಳುವವನು ತಿಳಿದೇ ಒಪ್ಪಬಹುದು; ಆದರೆ ಅದರ ಬೆಲೆ ತೆರುವ ಎದುರಾಳಿಯ ಒಪ್ಪಿಗೆ ಯಾರೂ ಕೇಳಿಲ್ಲ.

ಮಕ್ಕಳ ವಿಷಯ ಬೇರೆಯೇ. ಪ್ರಾಪ್ತವಯಸ್ಕರಾಗದವರು ಕರಾರು ಮಾಡಲು ಅರ್ಹರಲ್ಲ ಎಂಬುದು 1872ರ ಭಾರತೀಯ ಕರಾರು ಅಧಿನಿಯಮದಿಂದಲೂ ಬಂದ ನಿಯಮ. ನಮ್ಮ ಅಂಗಡಿಕಾರರು ಪಕ್ಕದ ಮನೆಯ ಹುಡುಗನಿಗೆ ಸಾವಿರ ರೂಪಾಯಿ ಉದ್ರಿ ಕೊಡುವುದಿಲ್ಲ. ತಂದೆಯನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ, ತಿಳಿಯದೆ ಗುಂಡಿ ಒತ್ತಿದರೂ ಹಣ ಹೋಗುವಂತೆ ಮಾಡಿತ್ತು, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳಿಂದ ಹಣ ಪಡೆದಿತ್ತು ಎಂಬ ಆರೋಪದ ಮೇಲೆ, ಗ್ರಾಹಕರಿಗೆ ಹಿಂದಿರುಗಿಸಲು 24.5 ಕೋಟಿ ಡಾಲರ್ ಕೊಡಲು 2022ರ ಡಿಸೆಂಬರದಲ್ಲಿ ಒಪ್ಪಬೇಕಾಯಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿದ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆದರೆ ಹಣ ಹೋಗುವುದು ಜೂಜಿನಲ್ಲಿ ಮಾತ್ರ ಎಂದು ನಾವು ನೆಮ್ಮದಿಯಿಂದ ಇರುವಂತಿಲ್ಲ.

ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮೊಬೈಲ್ ಕಸಿದುಕೊಳ್ಳುವ ಮೊದಲು ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಈ ಆಟ ಯಾವುದಕ್ಕೆ ಹಣ ಕೇಳುತ್ತದೆ ಎಂದು ಕೇಳಿರಿ. ಗೆಜ್ಜೆಗೋ, ಬಲಕ್ಕೋ, ಮುಚ್ಚಿದ ಪೆಟ್ಟಿಗೆಗೋ? ಕೊಟ್ಟದ್ದನ್ನೆಲ್ಲ ಒಂದು ಹಾಳೆಯಲ್ಲಿ ರೂಪಾಯಿಗಳಲ್ಲಿ ಅವನ ಕೈಯಿಂದಲೇ ಬರೆಸಿರಿ. ಯುಪಿಐ ಗುಪ್ತಸಂಖ್ಯೆಯನ್ನು ಮಕ್ಕಳ ಕೈಗೆ ಕೊಡಬೇಡಿರಿ.

ಕೊನೆಯದಾಗಿ, ಈ ಅಳತೆಗೋಲು ದೂರದೇಶದ ಕಂಪನಿಗಳಿಗೆ ಮಾತ್ರ ಮೀಸಲಲ್ಲ. ರೈತನಿಗೆ ಹೇಳದೆ ತೂಕದಲ್ಲಿ ಮುರಿದುಕೊಳ್ಳುವ ಒಂದು ಕಿಲೋ, ಪುಕ್ಕಟೆ ಎಂದು ಕೂಗಿ ಬೆಲೆಯೊಳಗೆ ಸೇರಿಸಿದ ಬಹುಮಾನದ ಕೂಪನ್, ಬಡ್ಡಿಯನ್ನು ಬಾಯಲ್ಲಿ ಒಂದು, ಚೀಟಿಯಲ್ಲಿ ಒಂದು ಹೇಳುವ ಸಾಲ: ಇವೂ ಮುಚ್ಚಿದ ಪೆಟ್ಟಿಗೆಗಳೇ. ಕಂಪನಿಯ ಪುಸ್ತಕ ತೆರೆಯಲಿ ಎಂದು ಕೇಳುವ ಅಧಿಕಾರ, ತನ್ನ ಪುಸ್ತಕ ತೆರೆದಿಟ್ಟವನಿಗೆ ಹೆಚ್ಚಾಗಿ ಸಲ್ಲುತ್ತದೆ. ಮಕ್ಕಳು ಮೊದಲು ವ್ಯಾಪಾರ ಕಲಿಯುವುದು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತೇ ಎಂಬುದನ್ನು ಸದ್ಭಕ್ತರು ಮರೆಯಬಾರದು.