ಮೂವತ್ತರಲ್ಲಿ ಹನ್ನೆರಡನೆಯದು

ಎಚಿಂಗ್ ಕೊಳ್ಳಲು ಹೋದವರ ಕಣ್ಣು ಚಿತ್ರಕ್ಕಿಂತ ಮೊದಲು ಅದರ ಕೆಳಗಿನ ಅಂಚಿಗೆ ಇಳಿಯುತ್ತದೆ. ಎಡಗಡೆ ಸೀಸದಕಡ್ಡಿಯಲ್ಲಿ 12/30 ಎಂಬ ಅಂಕಿ, ಬಲಗಡೆ ಕಲಾವಿದರ ರುಜು. ತೆಗೆದದ್ದು ಮೂವತ್ತು ಪ್ರತಿ, ಇದು ಹನ್ನೆರಡನೆಯದು, ಮೂವತ್ತೊಂದನೆಯದು ಎಂದೂ ಬರುವುದಿಲ್ಲ ಎಂದು ಅದರ ಅರ್ಥ. ಬೆಲೆಯಲ್ಲಿ ದೊಡ್ಡ ಪಾಲು ಈ ಕೊನೆಯ ಮಾತಿಗೇ ಸಲ್ಲುತ್ತದೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ದುಡ್ಡು ಕೊಡುವುದು ಸರಿ. ಎಲ್ಲೂ ಇಲ್ಲದ ಮೂವತ್ತೊಂದನೆಯ ಪ್ರತಿಗೆ ನಾವೇಕೆ ದುಡ್ಡು ಕೊಡುತ್ತೇವೆ?

ಈ ಮಿತಿ ಮೊದಲು ಹುಟ್ಟಿದ್ದು ಲೋಹದಿಂದ. ಎಚಿಂಗ್‌ನಲ್ಲಿ ತಾಮ್ರದ ತಗಡಿಗೆ ಮೇಣ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿದರೆ ಗೀರಿದ ಕಡೆಯಷ್ಟೇ ಆಸಿಡ್ ತಗಡನ್ನು ಕೊರೆಯುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲೆ ಉಳಿದದ್ದನ್ನು ಬಟ್ಟೆಯಿಂದ, ಕೊನೆಗೆ ಅಂಗೈಯಿಂದಲೇ ಒರೆಸಿ, ನೆನೆಸಿದ ಕಾಗದ ಹಾಸಿ ಪ್ರೆಸ್ಸಿನ ಉರುಳೆಯಡಿ ಹಾಯಿಸುತ್ತಾರೆ. ಒರೆಸುವ ಕೈ ಪ್ರತಿ ಸಲವೂ ಒಂದೇ ಹದದಲ್ಲಿರುವುದಿಲ್ಲ. ಒಂದು ಪ್ರತಿಯಲ್ಲಿ ಆಕಾಶ ತುಸು ಮಬ್ಬು, ಇನ್ನೊಂದರಲ್ಲಿ ತಿಳಿ. ಪ್ರತಿ ಒತ್ತಿಗೂ ತಗಡು ಸವೆಯುತ್ತದೆ. ಆಸಿಡ್ ಇಲ್ಲದೆ ನೇರವಾಗಿ ಗೀರುವ ಡ್ರೈಪಾಯಿಂಟ್‌ನಲ್ಲಂತೂ ಗೆರೆಯ ಬದಿಯಲ್ಲಿ ಏಳುವ ಲೋಹದ ತರಿ ಹತ್ತಾರು ಪ್ರತಿಗಳೊಳಗೇ ಮಟ್ಟವಾಗಿ, ಗೆರೆಯ ಮಖಮಲ್ಲಿನಂಥ ಕಪ್ಪು ಹೊರಟುಹೋಗುತ್ತದೆ. 19ನೆಯ ಶತಮಾನದಲ್ಲಿ ತಾಮ್ರದ ಮೇಲೆ ಉಕ್ಕಿನ ತೆಳುವಾದ ಲೇಪ ಕೊಡುವ ವಿದ್ಯೆ ಬಂದಿತು, ತಗಡಿನ ಆಯಸ್ಸು ಬೆಳೆಯಿತು. ಪ್ರತಿಗಳಿಗೆ ಅಂಕಿ ಹಾಕುವ ರೂಢಿ ಬಲವಾದದ್ದೂ ಅದೇ ಶತಮಾನದ ಕೊನೆಯಲ್ಲಿ. ತಗಡೇ ಸಾಕು ಎನ್ನುತ್ತಿದ್ದಷ್ಟು ಕಾಲ ಮನುಷ್ಯ ಹೇಳಬೇಕಾಗಿರಲಿಲ್ಲ. ಈಗಿನ ಡಿಜಿಟಲ್ ಪ್ರಿಂಟಿಗೆ ಸವೆತವೆಂಬುದೇ ಇಲ್ಲ. ಅದರ ಮೇಲಿನ ಅಂಕಿ ಶುದ್ಧ ಭಾಷೆ, ಕೊಟ್ಟ ಮಾತು.

ಕೊಟ್ಟ ಮಾತನ್ನು ಸುತ್ತಿಬಳಸಿ ದಾಟಬಹುದು. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್ಸ್ಟನ್ ತಮ್ಮ ಹಳೆಯ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಡಿಜಿಟಲ್ ಆಗಿ ಮುದ್ರಿಸಿ, ಅಂಥ 36 ಪ್ರಿಂಟುಗಳನ್ನು 2012ರಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿಗಿಟ್ಟರು. ಸುಮಾರು 59 ಲಕ್ಷ ಡಾಲರ್ ಬಂತು. ಅದೇ ಚಿತ್ರಗಳ ಹಳೆಯ ಲಿಮಿಟೆಡ್ ಎಡಿಷನ್ ಕೊಂಡಿದ್ದ ಸಂಗ್ರಾಹಕರೊಬ್ಬರು, ತಮ್ಮ ಪ್ರತಿಯ ಬೆಲೆ ಬಿತ್ತೆಂದು ಕೋರ್ಟಿಗೆ ಹೋದರು. 2013ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು: ಅಳತೆಯೂ ವಿಧಾನವೂ ಬೇರೆಯಾದರೆ ಅದು ಬೇರೆಯೇ ಎಡಿಷನ್. ಕಾನೂನಿನ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಆ ಸಂಗ್ರಾಹಕರ ಗೋಡೆಯ ಚಿತ್ರದಲ್ಲಿ ಒಂದು ಚುಕ್ಕಿಯೂ ಬದಲಾಗಿರಲಿಲ್ಲ. ಹೋದದ್ದು ಬೇರೆಯವರ ಬಳಿ ಅದು ಇಲ್ಲವೆಂಬ ಸುಖವೊಂದೇ.

ಬೇರೊಂದು ಬಗೆಯ ವಿರಳತೆ ನೋಡಬೇಕಿದ್ದರೆ ಉಂಡವಳ್ಳಿಯ ಕಡೆಗೆ ಬನ್ನಿ. ಇದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯದು, ತುಂಗಭದ್ರೆಯ ದಡದ ಆಲಂಪುರಕ್ಕೆ ಹತ್ತಿರ. ಆಲಂಪುರದಲ್ಲಿ ಬಾದಾಮಿ ಚಾಲುಕ್ಯರು 7-8ನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇಗುಲಗಳಿವೆ. ಹೆಸರು ಬ್ರಹ್ಮನದು, ಒಳಗಿರುವವನು ಶಿವ. ಬಹುಪಾಲು ಗುಡಿಗಳದು ಒಂದೇ ಬಗೆಯ ರೇಖಾನಾಗರ ಶಿಖರ. ಇವಕ್ಕೆ 1/9, 2/9 ಎಂದು ಅಂಕಿ ಹಾಕುವ ಯೋಚನೆ ಯಾರಿಗೂ ಬರುವುದಿಲ್ಲ. ಸ್ವರ್ಗಬ್ರಹ್ಮದ ಗೋಡೆ ಕೆತ್ತನೆಯಿಂದ ತುಂಬಿದೆ ಎಂದಮಾತ್ರಕ್ಕೆ ಉಳಿದವು ನಕಲಾಗುವುದೂ ಇಲ್ಲ.

ಅಲ್ಲಿಯ ಮ್ಯೂಸಿಯಮ್ಮಿನಲ್ಲಿರುವ ಲಜ್ಜಾಗೌರಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ತಲೆಯಿರಬೇಕಾದ ಕಡೆ ಅರಳಿದ ತಾವರೆ, ಮಡಿಸಿ ಅಗಲಿಸಿದ ಮೊಣಕಾಲು, ಮೇಲೆತ್ತಿದ ಕೈಗಳಲ್ಲೂ ತಾವರೆ. ಇದೇ ಭಂಗಿಯ ಇನ್ನೊಂದು ಶಿಲ್ಪ ನಾಗನಾಥಕೊಳ್ಳದ್ದು, ಈಗ ಬಾದಾಮಿಯ ಮ್ಯೂಸಿಯಮ್ಮಿನಲ್ಲಿದೆ. ಒಂದೇ ಕಲ್ಪನೆ, ಬೇರೆ ಬೇರೆ ಕೈ, ಬೇರೆ ಬೇರೆ ಕಲ್ಲು. ಎರಡನ್ನೂ ಕಂಡವರಿಗೆ ಒಂದರಿಂದ ಇನ್ನೊಂದರ ಬೆಲೆ ಕುಗ್ಗಿತೆಂದು ಅನ್ನಿಸಲಾರದು. ಮಕ್ಕಳ ಹರಕೆ ಹೊತ್ತು ಈ ದೇವಿಗೆ ಕೈಮುಗಿದ ಹೆಂಗಸರಂತೂ ಇಂಥ ವಿಗ್ರಹಗಳು ಎಷ್ಟಿವೆ ಎಂದು ಕೇಳಿರಲಾರರು. ಇವುಗಳ ಮಿತಿಯನ್ನು ಯಾರೂ ಘೋಷಿಸಿದ್ದಲ್ಲ. ಉಳಿ, ಕಲ್ಲು, ಆಯಸ್ಸು ಇವೇ ಮಿತಿ ಹಾಕಿದವು.

ರುಜುವಿನ ಮಾತೂ ಹೀಗೆಯೇ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ ತನ್ನ ಹೆಸರು ಕೆತ್ತಿದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನ ಅದರ ಶಿಲ್ಪಿ ಗುಂಡ ಅನಿವಾರಿತಾಚಾರಿಯನ್ನು ಹೊಗಳುತ್ತದೆ. ಆ ಹೆಸರುಗಳು 'ಇದನ್ನು ಮಾಡಿದವನು ನಾನು' ಎನ್ನುತ್ತವೆ. 'ಇನ್ನು ಮಾಡುವುದಿಲ್ಲ' ಎನ್ನುವುದಿಲ್ಲ. ಪ್ರಿಂಟಿನ ಕೆಳಗಿನ ರುಜುವಿಗೆ ಈ ಎರಡನೆಯ ಹೊರೆಯನ್ನು ಹೊರಿಸಿದ್ದು ಮಾರುಕಟ್ಟೆ.

ಉಂಡವಳ್ಳಿಯ ಸೀಮೆಯಲ್ಲೇ ಗದ್ವಾಲ ಸೀರೆಯ ಮಗ್ಗಗಳಿವೆ. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಜಾತಿಯ ನೂಲು ಕೂಡುವ ಗಡಿಯಲ್ಲಿ ಪ್ರತಿ ಹೊಕ್ಕನ್ನೂ ಕೈಯಿಂದಲೇ ಕೊಂಡಿ ಹಾಕಬೇಕು. ದಿನಗಟ್ಟಲೆ ಕೂತರೆ ಒಂದು ಸೀರೆ. ಅದೇ ನಮೂನೆಯನ್ನು ಮತ್ತೆ ಮತ್ತೆ ನೇಯುತ್ತಾರೆ, ಯಾರೂ 'ಲಿಮಿಟೆಡ್' ಚೀಟಿ ಅಂಟಿಸುವುದಿಲ್ಲ. ಹಾಗಿದ್ದೂ ಪವರ್‌ಲೂಮಿನ ನಕಲಿಗೆ ಆ ಗಡಿಯ ಕೊಂಡಿ ಒಗ್ಗುವುದಿಲ್ಲ. ಅಂಚನ್ನು ತಿರುಗಿಸಿ ಹಿಂಬದಿ ನೋಡಿದರೆ ಸಾಕು, ಕೈಯ ಮಿತಿ ಬೆರಳಿಗೆ ತಾಕುತ್ತದೆ.

ಹಾಗಾದರೆ ಯಂತ್ರದಲ್ಲಿ ಸಾವಿರಗಟ್ಟಲೆ ಅಚ್ಚಾದದ್ದೆಲ್ಲ ಅಗ್ಗವೇ? ರವಿವರ್ಮನ ಪ್ರಿಂಟುಗಳು ಈ ವಾದಕ್ಕೆ ಅಡ್ಡ ನಿಲ್ಲುತ್ತವೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಅವನ ಲಿಥೋ ಪ್ರೆಸ್ಸಿನಿಂದ ಲಕ್ಷ್ಮಿ ಸರಸ್ವತಿಯರು ನಮ್ಮ ದೇವರಕೋಣೆಗಳಿಗೆ ನಡೆದು ಬಂದರು. ಅಂಕಿಯಿಲ್ಲ, ಮಿತಿಯಿಲ್ಲ. ಆಮೇಲೆ ನಡೆದದ್ದು ನನಗೆ ಬಹಳ ಇಷ್ಟ: ಎಷ್ಟೋ ಮನೆಗಳಲ್ಲಿ ಹೆಂಗಸರು ಆ ಲಕ್ಷ್ಮಿಗೆ ನಿಜವಾದ ಬಟ್ಟೆಯ ಸೀರೆ ಅಂಟಿಸಿ, ಜರಿ ಹೊಲಿದು, ಮಣಿ ಚಮಕಿ ಕೂಡಿಸಿ ಕಟ್ಟು ಹಾಕಿಸಿದರು. ಸಾವಿರಗಟ್ಟಲೆ ಅಚ್ಚಾದದ್ದು ಆ ಮನೆಯಲ್ಲಿ ಏಕಮಾತ್ರವಾಯಿತು. ಒಂದನ್ನು ಒಂದೇ ಆಗಿಸುವ ಕೆಲಸವನ್ನು ಕೊಂಡವಳೂ ಮಾಡಬಲ್ಲಳು. ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಇಂಥ ಜರಿ ಹೊಲಿದ ಪ್ರತಿಗಳನ್ನೇ.

ಎಡಿಷನ್ನಿನ ಪರವಾದ ನ್ಯಾಯವಾದ ಮಾತು ಒಂದಿದೆ, ಅದನ್ನು ಮುಚ್ಚಿಡಬಾರದು. ಕ್ಯಾನ್ವಾಸ್ ಒಬ್ಬ ಸಿರಿವಂತನ ಮನೆ ಸೇರುತ್ತದೆ. ಮೂವತ್ತು ಪ್ರತಿಯ ಎಚಿಂಗ್ ಮೂವತ್ತು ಮನೆ ಸೇರುತ್ತದೆ, ಅದರಲ್ಲಿ ಮೇಷ್ಟರ ಮನೆಯೂ ಇರಬಹುದು, ಕಲಾವಿದನ ಬಾಡಿಗೆಯೂ ಸಂದಾಯವಾಗುತ್ತದೆ. ಮೆದಕ್ ಕಡೆಯ ನಿಜಾಂಪುರದಲ್ಲಿ 1940ರಲ್ಲಿ ಹುಟ್ಟಿದ ಕಲಾವಿದ ಲಕ್ಷ್ಮಾಗೌಡರು ತಮ್ಮ ಹಳ್ಳಿಯ ಆಡು, ಗಿಡ, ಗಂಡು ಹೆಣ್ಣುಗಳನ್ನು ಎಚಿಂಗಿಗೆ ತಂದರು; ಕ್ಯಾನ್ವಾಸಿನ ಬೆಲೆ ಎಟುಕದವರೂ ಅವರ ಗೆರೆಯನ್ನು ಮನೆಗೆ ತರುವಂತಾದದ್ದು ಪ್ರಿಂಟಿನಿಂದ. ಆದರೆ ಗಮನಿಸಿ: ಇಲ್ಲಿ ಪ್ರಿಂಟಿನ ಗುಣ ಹಲವರಿಗೆ ಸಿಗುವುದರಲ್ಲಿದೆ. ಉಳಿದವರಿಗೆ ಸಿಗಬಾರದು ಎಂಬುದನ್ನೇ ಗುಣವೆಂದು ಮಾರುವುದು ಇದಕ್ಕೆ ಹಿಮ್ಮುಖ.

ಆದ್ದರಿಂದ ಕೊಳ್ಳುವವರಿಗೆ ಒಂದು ವಿನಂತಿ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದು ಊರಿನ ಎಲ್ಲರ ಮನೆಯಲ್ಲಿದ್ದರೂ ನನಗೆ ಬೇಕೇ? ಬೇಡವೆನ್ನಿಸಿದರೆ ನೀವು ಕೊಳ್ಳುತ್ತಿರುವುದು ಷೇರು, ಚಿತ್ರವಲ್ಲ. ಬೇಕೆನ್ನಿಸಿದರೆ, ಆಮೇಲೆ ಮಾರುವವರನ್ನು ಕೇಳಿ: ತಗಡಿಗೆ ಅಡ್ಡಗೀರು ಎಳೆದು ರದ್ದು ಮಾಡಿದ್ದೀರಾ, ಬೇರೆ ಅಳತೆಯಲ್ಲಿ ತೆಗೆದಿದ್ದೀರಾ, ಅಂಕಿಯ ಹೊರಗೆ ಕಲಾವಿದರ ಸ್ವಂತ ಪ್ರತಿಗಳೆಷ್ಟು? ಉತ್ತರಗಳನ್ನು ಬರಹದಲ್ಲೇ ಪಡೆಯಿರಿ. ಶಿಲ್ಪ ಬೇಕಿದ್ದರೆ ಕೋಲಾರ ಜಿಲ್ಲೆಯ ಶಿವಾರಪಟ್ಟಣದಂಥ ಕಡೆ ಇವತ್ತು ಕೆತ್ತುತ್ತಿರುವವರ ಬಳಿ ಹೋಗಿ, ಅವರು ಕೇಳಿದ ಬೆಲೆ ಕೊಡಿ. ಹೊಲದಲ್ಲಿ ಸಿಕ್ಕ ಹಳೆಯ ವಿಗ್ರಹ, ಒಂದೇ ಒಂದಿದೆ ಎಂದು ಯಾರಾದರೂ ಪಿಸುಗುಟ್ಟಿದರೆ ಎದ್ದು ಬನ್ನಿ. ನೂರು ವರ್ಷ ದಾಟಿದ ಶಿಲ್ಪ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಲೈಸೆನ್ಸ್ ಇಲ್ಲದೆ ಅದನ್ನು ಮಾರುವ ವ್ಯಾಪಾರ ಅಪರಾಧ.